ತಿಂಗಳಿಗೆ 400 ರೂಪಾಯಿಯ ತೋಟ: ನಮ್ಮ ಬಡಾವಣೆಯ ಉದ್ಯಾನ ನಿರ್ವಹಣೆ ಹೇಗಿದೆ?

ಪುಣೆಯ ಪಾಷಾಣ ಕೆರೆಗೆ ಸಮೀಪದಲ್ಲಿರುವ ನಮ್ಮ ಬಡಾವಣೆಯ ತೋಟವನ್ನೂ ಒಳರಸ್ತೆಯ ಮರಗಳನ್ನೂ ನೋಡಿಕೊಳ್ಳುವ ಗುತ್ತಿಗೆ ಸಂಸ್ಥೆಯ ಎರಡು ವರ್ಷದ ಒಪ್ಪಂದ ಬರುವ ಮಾರ್ಚ್ 31ಕ್ಕೆ ಮುಗಿಯುತ್ತದೆ. ಇದೇ ಸಂಸ್ಥೆಯನ್ನು ತಮ್ಮ ಸೊಸೈಟಿಗೂ ಕರೆಸಬಹುದೇ, ಇದರ ಖರ್ಚನ್ನು ನೀವು ಹೇಗೆ ಹಂಚಿಕೊಂಡಿರಿ ಎಂದು ಕನ್ನಡ ಬಳಗದ ಗೆಳೆಯರು ಗಣೇಶನಗರದ ಕನ್ನಡ ಸಂಘದಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿರುವುದರಿಂದ, ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಮ್ಮೆಗೇ ಬರೆದಿಡುತ್ತಿದ್ದೇನೆ. ಓದುವವರಿಗೆ ಒಂದು ವಿಷಯ ಮೊದಲೇ ತಿಳಿದಿರಲಿ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಬಡಾವಣೆಯ ಫೆಡರೇಷನ್ನಿಗೆ, ಅಂದರೆ ಇಲ್ಲಿನ ಸೊಸೈಟಿಗಳ ಒಕ್ಕೂಟಕ್ಕೆ, ಖಜಾಂಚಿಯಾಗಿದ್ದೆ, ಈಗಿನ ವಂತಿಗೆಯ ಲೆಕ್ಕ ಹಾಕಿದವನೂ ನಾನೇ. ಆದ್ದರಿಂದ ಲೆಕ್ಕವನ್ನು ಹೊಗಳುವಾಗ ನನ್ನ ಮಾತಿನಲ್ಲಿ ಸ್ವಲ್ಪ ಕಡಿತ ಮಾಡಿಕೊಂಡು ಓದಬಹುದು. ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಕೆಳಗೆ ಬರುವ ದೂರುಗಳಲ್ಲಿ ಅರ್ಧದಷ್ಟಕ್ಕೆ ಹೊಣೆಗಾರರು ಅವರಲ್ಲ, ನಾವು.

ಬಡಾವಣೆಯಲ್ಲಿ ಐದು ಸಹಕಾರಿ ಸೊಸೈಟಿಗಳಿವೆ, ಒಟ್ಟು 240 ಫ್ಲ್ಯಾಟುಗಳು. ಹಿಂಬದಿಯಲ್ಲಿ 18 ಸಾಲುಮನೆಗಳು, ರಸ್ತೆಯ ಮಗ್ಗುಲಿಗೆ 14 ಅಂಗಡಿಗಳು. ನಡುವೆ ಸುಮಾರು ಒಂದು ಎಕರೆಯ ತೆರೆದ ಜಾಗವಿದೆ. ಮಹಾರಾಷ್ಟ್ರದಲ್ಲಿ 4,000 ಚದರ ಮೀಟರಿಗಿಂತ ದೊಡ್ಡ ಬಡಾವಣೆಗಳು ಹತ್ತನೆಯ ಒಂದು ಪಾಲು ಜಾಗವನ್ನು ವಿಹಾರಕ್ಕೆಂದು ಬಿಡಬೇಕೆಂಬ ನಿಯಮದಿಂದ ಹುಟ್ಟಿದ ಜಾಗವಿದು. ಬಿಲ್ಡರುಗಳ ಬಾಯಲ್ಲಿ ಇದಕ್ಕೆ ‘ಆರ್‌ಜಿ’ (ರಿಕ್ರಿಯೇಷನ್ ಗ್ರೌಂಡ್) ಎಂದು ಹೆಸರು. ಜಾಗ ಬಿಡಬೇಕೆಂದು ನಿಯಮ ಹೇಳುತ್ತದೆ, ಬಿಟ್ಟ ಜಾಗಕ್ಕೆ ಮುಂದಿನ ಮೂವತ್ತು ವರ್ಷ ನೀರು ಯಾರು ಹಾಕಬೇಕೆಂಬುದನ್ನು ನಿವಾಸಿಗಳಿಗೆ ಬಿಡುತ್ತದೆ. ಬಿಲ್ಡರು ಇದ್ದ ದಿನಗಳಲ್ಲಿ ಆ ಚಿಂತೆ ನಮ್ಮನ್ನು ಮುಟ್ಟಿರಲಿಲ್ಲ. ಸ್ಯಾಂಪಲ್ ಫ್ಲ್ಯಾಟು ನೋಡಲು ಬಂದವರ ಕಣ್ಣಿಗೆ ಬೀಳಲೆಂದು ಹಾಸಿದ ಹುಲ್ಲು, ಸಾಲಾಗಿ ನಿಲ್ಲಿಸಿದ ಬಾಟಲ್ ಪಾಮುಗಳು, ಸಂಜೆ ಚಿಮ್ಮುವ ಕಾರಂಜಿ ಎಲ್ಲವೂ ಮನೆಯ ಬೆಲೆಯಲ್ಲೇ ಸೇರಿದ್ದವು.

ಹಸ್ತಾಂತರವಾದ ಮೇಲೆ ಫೆಡರೇಷನ್ನು ಮಾಡಿದ ಮೊದಲ ಕೆಲಸವೆಂದರೆ ಅತಿ ಕಡಿಮೆ ಬೆಲೆ ಬರೆದ ಟೆಂಡರನ್ನು ಒಪ್ಪಿದ್ದು. ತಿಂಗಳಿಗೆ 38,000 ರೂಪಾಯಿ, ಇಬ್ಬರು ಮಾಳಿಗಳು (ತೋಟಗಾರರು). ಅವರಲ್ಲಿ ಒಬ್ಬರು ಹಾಜರಿ ಪುಸ್ತಕದಲ್ಲಿ ಮಾತ್ರ ಕೆಲಸ ಮಾಡುತ್ತಿದ್ದರು. ಆ ಖರ್ಚು ಸೇವಾ ಶುಲ್ಕದೊಳಗೆ ಕರಗಿಹೋಗುತ್ತಿತ್ತು, ಒಂದು ಮನೆಗೆ ಸುಮಾರು 140 ರೂಪಾಯಿ ಬೀಳುತ್ತಿತ್ತು, ಮತ್ತು ಅದು ಬೀಳುತ್ತಿದೆಯೆಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ಎರಡನೆಯ ಮೇ ತಿಂಗಳಿನಲ್ಲಿ ಹುಲ್ಲುಹಾಸು ಒಣಗಿ ಚಾಪೆಯಾಯಿತು. ಉದುರಿದ ಎಲೆಗಳನ್ನು ಮೂಲೆಯಲ್ಲಿ ಸುಡುತ್ತಿದ್ದರು. ಹೊಗೆ ನೇರವಾಗಿ ಎರಡನೆಯ ಕಟ್ಟಡದ ಅಡುಗೆಮನೆಗಳಿಗೆ ಹೋಗುತ್ತಿತ್ತು. ಸಭೆಯಲ್ಲಿ ಎಲ್ಲರೂ ಗುತ್ತಿಗೆದಾರನನ್ನು ಬೈದರು. ಆ ದುಡ್ಡಿಗೆ ಒಂದು ಎಕರೆಯನ್ನು ಯಾವ ಗುತ್ತಿಗೆದಾರನೂ ಹಸಿರಾಗಿಡಲಾರ ಎಂಬ ಮಾತನ್ನು ಆಡಿದವರು ಇಬ್ಬರೋ ಮೂವರೋ.

ಈಗಿನ ಸಂಸ್ಥೆ ಬಂದದ್ದು ಆ ಗಲಾಟೆಯ ನಂತರ. ಮೂವರು ಮಾಳಿಗಳು, ವಾರಕ್ಕೊಮ್ಮೆ ಬರುವ ಮೇಲ್ವಿಚಾರಕ, ಗೊಬ್ಬರ ಮತ್ತು ಔಷಧಿ ಸೇರಿ ತಿಂಗಳಿಗೆ 72,000. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 84,960 ರೂಪಾಯಿ. ವರ್ಷಕ್ಕೆ ಇದೇ 10,19,520 ಆಗುತ್ತದೆ. ಇದರ ಜೊತೆಗೆ ಬೇಸಿಗೆಯ ನೂರು ಟ್ಯಾಂಕರಿಗೆ 1,20,000, ಮಳೆಗಾಲಕ್ಕೆ ಮುಂಚೆ ಮರಗಳ ರೆಂಬೆ ಸವರಲು 90,000, ಪಂಪು ಮತ್ತು ಹನಿ ನೀರಾವರಿಯ ಕೊಳವೆಗಳ ದುರಸ್ತಿಗೆ 60,000 ಇಟ್ಟೆವು. ಒಟ್ಟು 12,89,520. ಇದನ್ನು 272 ಆಸ್ತಿಗಳಿಗೆ ಹಂಚಿದರೆ ತಿಂಗಳಿಗೆ 395 ರೂಪಾಯಿ ಚಿಲ್ಲರೆ. ನಾವು 400 ಎಂದು ನಿಗದಿ ಮಾಡಿ, ಪ್ರತಿ ಸೊಸೈಟಿಯ ಬಿಲ್ಲಿನಲ್ಲಿ ಅದನ್ನು ‘ಸಾಮೂಹಿಕ ಉದ್ಯಾನ ವಂತಿಗೆ’ ಎಂಬ ಬೇರೆ ಸಾಲಾಗಿ ಮುದ್ರಿಸಿದೆವು. ಫೆಡರೇಷನ್ನಿನ ವಾರ್ಷಿಕ ವಹಿವಾಟು 20 ಲಕ್ಷಕ್ಕಿಂತ ಕೆಳಗಿರುವುದರಿಂದ ಸದಸ್ಯರಿಂದ ಪಡೆಯುವ ಹಣಕ್ಕೆ ನಾವು ಜಿಎಸ್‌ಟಿ ಹಾಕಬೇಕಾಗಿಲ್ಲ. ಆದರೆ ಗುತ್ತಿಗೆದಾರರಿಗೆ ಕೊಟ್ಟ ತೆರಿಗೆಯನ್ನು ಮುರಿದುಕೊಳ್ಳುವ ದಾರಿಯೂ ಇಲ್ಲ, ಅದು ಪೂರ್ತಿ ಖರ್ಚೇ.

ಬೇರೆ ಸಾಲಾಗಿ ಮುದ್ರಿಸಿದ್ದೇ ಬಡಾವಣೆಯಲ್ಲಿ ಬಿರುಗಾಳಿ ಎಬ್ಬಿಸಿತು. 140 ರೂಪಾಯಿ ಕಾಣದಿದ್ದಾಗ ಸುಮ್ಮನಿದ್ದವರು 400 ಕಂಡಾಗ ಎದ್ದುನಿಂತರು. ನನ್ನ ಮಟ್ಟಿಗೆ ಈ ಸೇವೆಯಲ್ಲಿ ಆದ ಅತ್ಯುತ್ತಮ ಕೆಲಸ ಅದೇ, ಏಕೆಂದರೆ ಆ ಸಾಲನ್ನು ಬಿಲ್ಲಿನಲ್ಲಿ ನೋಡಿದ ಮೇಲೆಯೇ ಜನ ತೋಟಕ್ಕೆ ಇಳಿದು ಯಾವ ಪಾತಿ ಒಣಗಿದೆ, ಯಾವ ನಲ್ಲಿ ಸೋರುತ್ತಿದೆ ಎಂದು ನೋಡಲಾರಂಭಿಸಿದರು.

ಮೊದಲ ತಕರಾರು ಬಂದದ್ದು ಸಣ್ಣ ಫ್ಲ್ಯಾಟಿನವರಿಂದ. ಒಂದು ಮಲಗುವ ಕೋಣೆಯ ಮನೆಯವರೂ ನಾಲ್ಕು ಕೋಣೆಯವರೂ ಸಮನಾಗಿ ಏಕೆ ಕೊಡಬೇಕು? ಈ ಪ್ರಶ್ನೆಗೆ ಉತ್ತರ ಕಟ್ಟಡ ಯಾವ ಕಾನೂನಿನಡಿ ನೋಂದಾಯಿತವಾಗಿದೆ ಎಂಬುದರ ಮೇಲೆ ನಿಂತಿದೆ. ಸಹಕಾರಿ ಗೃಹ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಸೇವಾ ಶುಲ್ಕವನ್ನು ಮನೆಗಳ ಸಂಖ್ಯೆಗೆ ಸಮನಾಗಿ ಹಂಚಬೇಕು. ದುರಸ್ತಿ ನಿಧಿ ಮತ್ತು ಮುಂದಿನ ದೊಡ್ಡ ಕೆಲಸಗಳಿಗೆಂದು ಕೂಡಿಡುವ ಸಿಂಕಿಂಗ್ ನಿಧಿಗಳು ಮಾತ್ರ ಮನೆಯ ನಿರ್ಮಾಣ ವೆಚ್ಚದ ಮೇಲೆ, ವರ್ಷಕ್ಕೆ ಕ್ರಮವಾಗಿ ಕನಿಷ್ಠ ಶೇ 0.75 ಮತ್ತು ಶೇ 0.25ರ ಲೆಕ್ಕದಲ್ಲಿ ಬರುತ್ತವೆ. ಆದರೆ 1970ರ ಮಹಾರಾಷ್ಟ್ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ರಚನೆಯಾದ ಕಾಂಡೊಮಿನಿಯಂಗಳಲ್ಲಿ ಸಾಮೂಹಿಕ ಖರ್ಚು ಪ್ರತಿಯೊಬ್ಬರ ಅವಿಭಕ್ತ ಪಾಲಿನ ಪ್ರಮಾಣದಲ್ಲಿ ಬೀಳುತ್ತದೆ, ಅಂದರೆ ದೊಡ್ಡ ಮನೆಗೆ ಹೆಚ್ಚು. 2025ರಲ್ಲಿ ಪುಣೆಯದೇ ಒಂದು ವಸತಿ ಸಮುಚ್ಚಯದ ವ್ಯಾಜ್ಯದಲ್ಲಿ ಮುಂಬೈ ಉಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಆ ತೀರ್ಪಿನ ಸುದ್ದಿ ಓದಿ ನಮ್ಮಲ್ಲಿಯೂ ಚದರಡಿ ಲೆಕ್ಕ ಬೇಕೆಂದು ಪಟ್ಟು ಹಿಡಿದವರಿಗೆ, ನಮ್ಮದು ಸೊಸೈಟಿ, ಕಾಂಡೊಮಿನಿಯಂ ಅಲ್ಲ ಎಂದು ತಿಳಿಹೇಳಲು ಎರಡು ಸಭೆ ಬೇಕಾದವು. ಕಾನೂನನ್ನು ಬದಿಗಿಟ್ಟು ಹೇಳುವುದಾದರೂ ತೋಟದ ವಿಷಯದಲ್ಲಿ ಸಮಪಾಲು ಸರಿಯೆಂದೇ ನನ್ನ ಅಭಿಪ್ರಾಯ. ಬೆಂಚಿನ ಮೇಲೆ ಕೂತವನ ಫ್ಲ್ಯಾಟು ಎಷ್ಟು ಚದರಡಿ ಎಂದು ಹೊಂಗೆ ಮರ ಕೇಳುವುದಿಲ್ಲ.

ಅಂಗಡಿಯವರದು ಬೇರೆಯೇ ವಾದ. ನಮ್ಮ ಗಿರಾಕಿಗಳು ತೋಟದೊಳಗೆ ಬರುವುದಿಲ್ಲ, ಸಂಜೆ ಏಳಕ್ಕೆ ಗೇಟು ಮುಚ್ಚುತ್ತೀರಿ, ನಾವೇಕೆ ಕೊಡಬೇಕು ಎಂದರು. ಆ ಮಾತಿನಲ್ಲಿ ಹುರುಳಿತ್ತು. ಆದರೆ ಅವರ ಅಂಗಡಿಗಳ ಮುಂದೆ ಇರುವ ಎರಡು ದೊಡ್ಡ ಮಳೆಮರಗಳೂ ಇದೇ ಗುತ್ತಿಗೆಯಲ್ಲಿ ಸೇರಿವೆ, ಗಿರಾಕಿಗಳ ಸ್ಕೂಟರುಗಳು ನಿಲ್ಲುವುದು ಅವುಗಳ ನೆರಳಿನಲ್ಲೇ. ಹನ್ನೆರಡು ಅಂಗಡಿಗಳು ಒಪ್ಪಿದವು, ಎರಡು ಇನ್ನೂ ಕೊಡುತ್ತಿಲ್ಲ. ಸೊಸೈಟಿಯ ಸದಸ್ಯರಾದ್ದರಿಂದ ಬಾಕಿಗೆ ಉಪವಿಧಿಯಂತೆ ಗರಿಷ್ಠ ಶೇ 21ರ ಸರಳ ಬಡ್ಡಿ ಹಾಕಬಹುದು, ಸಹಕಾರ ಕಾಯ್ದೆಯ 154ಬಿ-29ನೇ ಕಲಮಿನಡಿ ರಿಜಿಸ್ಟ್ರಾರರಿಂದ ವಸೂಲಾತಿ ಪ್ರಮಾಣಪತ್ರವನ್ನೂ ತರಬಹುದು. ಎರಡು ಅಂಗಡಿಯ ವರ್ಷದ 9,600 ರೂಪಾಯಿಗಾಗಿ ಆ ದಾರಿ ಹಿಡಿಯಲು ಸಮಿತಿಗೆ ಮನಸ್ಸಿಲ್ಲ, ನನಗೂ ಇರಲಿಲ್ಲ. ಸಾಲುಮನೆಯವರು ಸೊಸೈಟಿಯ ಸದಸ್ಯರಲ್ಲ, ಒಡಂಬಡಿಕೆಯ ಮೇಲೆ ಕೊಡುತ್ತಾರೆ. ಎಲ್ಲರಿಗಿಂತ ಮೊದಲು ಬರುವ ಚೆಕ್ಕು ಅವರದೇ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಮಹಾನಗರಪಾಲಿಕೆಯ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ವೃಕ್ಷ ಕರವನ್ನು ಈಗಾಗಲೇ ಕಟ್ಟುತ್ತಿದ್ದೇವೆ, ಮತ್ತೆ ತೋಟಕ್ಕೇಕೆ? ಪುಣೆಯ ಬಿಲ್ಲನ್ನು ಸಾವಧಾನವಾಗಿ ಓದಿದರೆ ಸಾಮಾನ್ಯ ಕರ, ಅಗ್ನಿಶಾಮಕ ಕರ, ಶಿಕ್ಷಣ ಕರಗಳ ನಡುವೆ ಅದು ನಿಜಕ್ಕೂ ಕಾಣುತ್ತದೆ. ಮುಂಬೈಯ ಬಿಲ್ಲಿನಲ್ಲೂ ಇದೆ. ಅದರ ಬೇರು 1975ರ ಮಹಾರಾಷ್ಟ್ರ ನಗರ ಪ್ರದೇಶಗಳ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿದೆ, ಆ ಕಾಯ್ದೆಯಿಂದ ಹುಟ್ಟಿದ ವೃಕ್ಷ ಪ್ರಾಧಿಕಾರದ ಕೈಯಲ್ಲಿ ಇಡೀ ನಗರದ ಮರಗಳ ಗಣತಿ, ಸಂರಕ್ಷಣೆ, ಅನುಮತಿಗಳ ಕೆಲಸವಿದೆ. ನಮ್ಮ ಗೇಟಿನೊಳಗಿನ ಹುಲ್ಲಿಗೆ ಅದರಿಂದ ಒಂದು ಬಿಂದಿಗೆ ನೀರೂ ಬರುವುದಿಲ್ಲ. ವಿಚಿತ್ರವೆಂದರೆ ಒಳಗಿನ ಮರ ನಮ್ಮದು, ನೀರು ನಮ್ಮದು, ಅದು ಕಾರಿನ ಮೇಲೆ ಬಿದ್ದರೆ ಜಗಳವೂ ನಮ್ಮದು. ರೆಂಬೆ ಸವರಬೇಕಾದರೆ ಮಾತ್ರ ಪಾಲಿಕೆಯ ಉದ್ಯಾನ ವಿಭಾಗದ ಅನುಮತಿ ಬೇಕು. ಈ ವ್ಯವಸ್ಥೆಯನ್ನು ನಾನು ದೂರುವುದಿಲ್ಲ. ಅನುಮತಿಯ ಬಾಧೆ ಇಲ್ಲದಿದ್ದರೆ ಪಾರ್ಕಿಂಗಿಗಾಗಿ ನಮ್ಮವರು ಎಂದೋ ಅರ್ಧ ಮರಗಳನ್ನು ಉರುಳಿಸಿರುತ್ತಿದ್ದರು.

ತೆರಿಗೆಯ ಮೂಲಕವೇ ತೋಟ ನಡೆಯುವ ಊರುಗಳಿಲ್ಲವೆಂದಲ್ಲ. ನನ್ನ ಬಾಲ್ಯ ಕಳೆದದ್ದು ಮುಂಬೈಯ ಮಾಟುಂಗಾದಲ್ಲಿ. ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡಿ ಅಪ್ಪನ ಜೊತೆ ಫೈವ್ ಗಾರ್ಡನ್ಸಿಗೆ ನಡೆದುಹೋಗುವಾಗ, ಈ ತೋಟಗಳಿಗೆ ಯಾರು ದುಡ್ಡು ಕೊಡುತ್ತಾರೆಂಬ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಪ್ಲೇಗಿನ ನಂತರ 1898ರಲ್ಲಿ ಸ್ಥಾಪನೆಯಾದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟಿನ ಯೋಜನೆಯಲ್ಲಿ ರೂಪುಗೊಂಡ ಬಡಾವಣೆಯ ನಡುವಿನ ತೋಟಗಳವು, ಪಾಲಿಕೆ ನೋಡಿಕೊಳ್ಳುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಯ ಆಸ್ತಿ ತೆರಿಗೆ ಚೀಟಿಯಲ್ಲಿ ಮೂರನೆಯದೊಂದು ಮಾದರಿಯನ್ನು ನೋಡಿದೆ. ಅಲ್ಲಿ 1972ರ ಒಂದು ಕಾನೂನಿನಡಿ ನಗರಾಡಳಿತಗಳು ಹಸಿರು ಮತ್ತು ಬೀದಿದೀಪಗಳಿಗೆಂದು ಒಂದು ನೆರೆಹೊರೆಯನ್ನೇ ವಲಯವೆಂದು ಗುರುತಿಸಿ, ಆ ವಲಯದ ಆಸ್ತಿಗಳ ಮೇಲೆ ಮಾತ್ರ ವಂತಿಗೆ ಹಾಕಬಹುದು. 1996ರಲ್ಲಿ ಮತದಾರರು ಒಪ್ಪಿದ 218ನೇ ಪ್ರಸ್ತಾಪದ ನಂತರ ಪ್ರತಿ ಆಸ್ತಿಗೆ ಆಗುವ ವಿಶೇಷ ಪ್ರಯೋಜನವನ್ನು ಊರಿಗೆಲ್ಲ ಆಗುವ ಸಾಮಾನ್ಯ ಪ್ರಯೋಜನದಿಂದ ಬೇರ್ಪಡಿಸಿ ಎಂಜಿನಿಯರೊಬ್ಬರು ವರದಿ ಬರೆಯಬೇಕು, ಒಡೆಯರಿಗೆ ಅಂಚೆಯಲ್ಲಿ ಮತಪತ್ರ ಹೋಗಬೇಕು, ಎಷ್ಟು ವಂತಿಗೆಯೋ ಅಷ್ಟು ತೂಕದ ಮತ. ವಿರೋಧದ ತೂಕ ಹೆಚ್ಚಾದರೆ ವಂತಿಗೆ ಬಿದ್ದುಹೋಗುತ್ತದೆ. ಒಪ್ಪಿಗೆ ಸಿಕ್ಕಿದರೆ ಹಣ ಆಸ್ತಿ ತೆರಿಗೆಯ ಜೊತೆಗೇ ವಸೂಲಾಗುತ್ತದೆ, ಅಂಗಡಿಯವರ ಬಾಗಿಲು ತಟ್ಟುವ ಖಜಾಂಚಿಯ ಅಗತ್ಯವಿಲ್ಲ. ಬೆಲೆಯೇರಿಕೆಗೆ ತಕ್ಕಂತೆ ವಂತಿಗೆ ಏರುವ ಸೂತ್ರವನ್ನು ಮೊದಲೇ ಬರೆಯದ ವಲಯಗಳು ಮಾತ್ರ ಅಲ್ಲಿಯೂ ಸಂಕಟಕ್ಕೆ ಸಿಲುಕುತ್ತವೆ, ಏರಿಸಲು ಮತ್ತೆ ಮತಕ್ಕೆ ಹೋಗಬೇಕು. ಈ ಪಾಠವನ್ನು ನಾನು ಕದ್ದು ತಂದೆ: ನಮ್ಮ ಠರಾವಿನಲ್ಲಿ ಕನಿಷ್ಠ ವೇತನ ಏರಿದಷ್ಟು ವಂತಿಗೆಯೂ ಏರಬಹುದೆಂಬ ಸಾಲು ಸೇರಿಸಿದ್ದೇನೆ. ಸಾಮಾನ್ಯ ಮತ್ತು ವಿಶೇಷ ಪ್ರಯೋಜನಗಳನ್ನು ಬೇರ್ಪಡಿಸುವ ಆ ಕ್ರಮವೂ ಅಂಗಡಿಯವರೊಡನೆ ಮಾತನಾಡುವಾಗ ನನಗೆ ಉಪಯೋಗಕ್ಕೆ ಬಂತು.

ಸಂಸ್ಥೆಯ ಕೆಲಸದ ವಿಷಯಕ್ಕೆ ಬರುತ್ತೇನೆ. ಅವರ ದೊಡ್ಡ ಗುಣ ಮೊದಲ ತಿಂಗಳಲ್ಲೇ ಕಂಡಿತು. ಮೇಲ್ವಿಚಾರಕರು ಬಂದು ಹುಲ್ಲುಹಾಸನ್ನು ಅಳೆದು, 2,000 ಚದರ ಮೀಟರ್ ಇದೆ, ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಐದು ಲೀಟರಾದರೂ ಬೇಕು, ಅಂದರೆ ದಿನಕ್ಕೊಂದು ಟ್ಯಾಂಕರನ್ನು ಹುಲ್ಲೇ ಕುಡಿಯುತ್ತದೆ ಎಂದು ಲೆಕ್ಕ ಬರೆದುಕೊಟ್ಟರು. ತಾವು ನೋಡಿಕೊಳ್ಳುವ ಹುಲ್ಲನ್ನು ತಾವೇ ಕಡಿಮೆ ಮಾಡಿ ಎನ್ನುವ ಗುತ್ತಿಗೆದಾರರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊದಲ ವರ್ಷ ನಾವು ಕೇಳಲಿಲ್ಲ, 1,200ರಂತೆ ನೂರು ಟ್ಯಾಂಕರಿನ ದುಡ್ಡು ಹೋಯಿತು. ಎರಡನೆಯ ವರ್ಷ ಮಕ್ಕಳು ಆಡುವ 700 ಚದರ ಮೀಟರನ್ನು ಮಾತ್ರ ಉಳಿಸಿಕೊಂಡು, ಉಳಿದ ಕಡೆ ಕೇಪಳ, ಲಕ್ಕಿ, ಕರಿಬೇವು, ದಾಸವಾಳಗಳನ್ನು ನೆಟ್ಟು ಬುಡಕ್ಕೆ ತರಗೆಲೆ ಹೊದಿಸಿದರು. ಟ್ಯಾಂಕರು ನಲವತ್ತಕ್ಕೆ ಇಳಿಯಿತು. ಉಳಿದ 72,000 ರೂಪಾಯಿಯನ್ನು ವಂತಿಗೆ ಇಳಿಸಲು ಬಳಸದೆ ಮರಗಳ ನಿಧಿಯೆಂದು ಬೇರೆ ಇಟ್ಟಿದ್ದೇವೆ. ಇದನ್ನು ಒಪ್ಪಿಸಲು ನಾನು ಪಟ್ಟ ಶ್ರಮ ಆ ಉಳಿತಾಯ ಮಾಡಲು ಅವರು ಪಟ್ಟ ಶ್ರಮಕ್ಕಿಂತ ಕಡಿಮೆಯೇನಲ್ಲ.

ಎಲೆ ಸುಡುವುದು ನಿಂತಿತು. ಇಟ್ಟಿಗೆಯ ಎರಡು ಗುಂಡಿಗಳಲ್ಲಿ ಎಲೆ, ಸಗಣಿ ನೀರು ಹಾಕಿ ತಿರುವುತ್ತಾರೆ, ಮೂರು ನಾಲ್ಕು ತಿಂಗಳಿಗೆ ಕಪ್ಪು ಗೊಬ್ಬರ ಸಿಗುತ್ತದೆ. ಮೂರನೆಯ ಕಟ್ಟಡದ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರನ್ನು ಹನಿ ನೀರಾವರಿಗೆ ಜೋಡಿಸಿದ್ದೂ ಅವರೇ. ಸೋಸುವ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯದಿದ್ದರೆ ಹನಿಯ ರಂಧ್ರಗಳು ಕಟ್ಟಿಕೊಳ್ಳುತ್ತವೆ, ಆ ಕೆಲಸ ಈಗಲೂ ನೆನಪಿಸಿದರೆ ಮಾತ್ರ ಆಗುತ್ತದೆ.

ಕೊರತೆಗಳು ಸಣ್ಣವಲ್ಲ. ವಾರಕ್ಕೊಮ್ಮೆ ಬರಬೇಕಾದ ಮೇಲ್ವಿಚಾರಕರು ಎರಡನೆಯ ವರ್ಷದಲ್ಲಿ ಹದಿನೈದು ದಿನಕ್ಕೊಮ್ಮೆ ಬಂದರು. ಸಂಜೆ ಐದೂವರೆಗೆ, ಮಕ್ಕಳು ಆಡುತ್ತಿರುವಾಗ, ಯಾವ ಸೂಚನೆಯೂ ಇಲ್ಲದೆ ಬೇಲಿಗಿಡಕ್ಕೆ ಕೀಟನಾಶಕ ಸಿಂಪಡಿಸಿದರು. ನಾನು ಹೋಗಿ ನಿಲ್ಲಿಸಬೇಕಾಯಿತು. ವಾರ್ಷಿಕ ಮಹಾಸಭೆಯ ಹಿಂದಿನ ದಿನ ಗೇಟಿನ ಬಳಿ ಚೆಂಡುಹೂ, ಪಿಟೂನಿಯಾಗಳ ಮೆರವಣಿಗೆಯೇ ಬಂದಿಳಿಯುತ್ತದೆ. ಕಳೆದ ವರ್ಷ ಒಂದು ಗಿಡವನ್ನು ಎಳೆದು ನೋಡಿದರೆ ನರ್ಸರಿಯ ಪ್ಲಾಸ್ಟಿಕ್ ಚೀಲದ ಸಮೇತ ಮಣ್ಣಿನಲ್ಲಿ ಹೂತಿದ್ದರು. ಆದರೆ ಗೇಟಿನ ಬಳಿಯ ಹೂವನ್ನು ನೋಡಿ ಅಂಕ ಕೊಡುವವರು ನಾವೇ ಆದಾಗ, ಹಿಂದಿನ ಗೋಡೆಯ ಬಳಿಯ ಮರದ ಬುಡವನ್ನು ಅವರು ಏಕೆ ಅಗೆಯುತ್ತಾರೆ? ಒಪ್ಪಂದದಲ್ಲಿ ‘ತೋಟವನ್ನು ಸುಸ್ಥಿತಿಯಲ್ಲಿಡುವುದು’ ಎಂದು ಒಂದೇ ಸಾಲು ಬರೆದವನು ನಾನು, ಆ ತಪ್ಪು ನನ್ನದು.

ಎಲ್ಲಕ್ಕಿಂತ ಬೇಸರ ತಂದದ್ದು ಮರಗಳ ಕೆಲಸ. ಅನುಮತಿ ಪಡೆದ ಮೇಲೆ ರೆಂಬೆ ಸವರಲು ಅವರು ಹೊರಗಿನ ತಂಡವೊಂದನ್ನು ಕರೆಸಿದರು. ಆ ತಂಡ ದಕ್ಷಿಣದ ಬೇವನ್ನು ಮೇಲಿನಿಂದ ಕೆಳಗಿನವರೆಗೆ ಬೋಳಿಸಿ ಕಂಬದಂತೆ ನಿಲ್ಲಿಸಿ ಹೋಯಿತು. ಅತ್ತ ಒಣರೆಂಬೆಯಿದ್ದ ಗುಲ್‌ಮೊಹರನ್ನು ಮುಟ್ಟಲೇ ಇಲ್ಲ. ಮೇ ತಿಂಗಳ ಕೊನೆಯ ಗಾಳಿಮಳೆಗೆ ಅದೇ ರೆಂಬೆ ಮುರಿದು ಒಂದು ಕಾರಿನ ಗಾಜು ಒಡೆಯಿತು. ನಷ್ಟ ಯಾರು ಭರಿಸಬೇಕೆಂದು ಒಪ್ಪಂದದಲ್ಲಿ ಒಂದಕ್ಷರವಿರಲಿಲ್ಲ, ಕೊನೆಗೆ ಕಾರಿನ ವಿಮೆಯಿಂದಲೇ ಆಯಿತು.

ಮಾಳಿಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮೂವರಲ್ಲಿ ಹಿರಿಯರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಇಪ್ಪತ್ತು ವರ್ಷದಿಂದ ಪುಣೆಯಲ್ಲಿದ್ದಾರೆ. ನಾನು ಕನ್ನಡದವನೆಂದು ತಿಳಿದ ದಿನ ಅವರು ಹೇಳಿದ ಮೊದಲ ಮಾತು, “ಸಾಹೇಬ್ರ, ಈ ಹುಲ್ಲಿಗಿ ಹಾಕೂ ನೀರಾಗ ನಮ್ಮೂರಾಗ ಒಂದ್ ಎಕರೆ ಲಿಂಬಿ ಬೆಳೀತೀವ್ರಿ.” ಯಾವ ಕೊಳವೆ ಎಲ್ಲಿ ಹೂತಿದೆ, ಯಾವ ಗಿಡ ಯಾವ ತಿಂಗಳಲ್ಲಿ ಸೊರಗುತ್ತದೆ ಎಂಬ ತೋಟದ ನಕ್ಷೆಯೆಲ್ಲ ಅವರ ತಲೆಯಲ್ಲಿದೆ. ಕಳೆದ ಆಗಸ್ಟಿನಲ್ಲಿ ಸಂಸ್ಥೆ ಅವರನ್ನು ಮತ್ತೊಂದು ಸೊಸೈಟಿಗೆ ಕಳಿಸಿತು; ಆರು ವಾರದಲ್ಲಿ ತೋಟದ ಕಳೆ ಮೊಣಕಾಲಿಗೆ ಬಂತು, ನಾವು ಪತ್ರ ಬರೆದು ವಾಪಸು ಕರೆಸಿಕೊಂಡೆವು. ಭವಿಷ್ಯ ನಿಧಿಯ ಚಲನ್ ಮತ್ತು ವೇತನಕ್ಕೆ ಮಾಲೀಕರ ಪಾಲಿನ ಶೇ 3.25ರ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟಿದ ರಸೀದಿಗಳಿಲ್ಲದೆ ಬಿಲ್ಲು ಪಾಸು ಮಾಡುವುದಿಲ್ಲವೆಂದು ನಾನು ಶುರುವಿನಲ್ಲೇ ಹೇಳಿದ್ದೆ. ಮೂರು ತಿಂಗಳು ಸತಾಯಿಸಿದರು, ಆಮೇಲೆ ಪ್ರತಿ ಬಿಲ್ಲಿನ ಜೊತೆಗೂ ತಪ್ಪದೆ ಬರುತ್ತಿವೆ. ಹೊಸದಾಗಿ ಗುತ್ತಿಗೆ ಕೊಡುವವರು ಇದನ್ನು ಕೇಳಲು ನಾಚಿಕೊಳ್ಳಬಾರದು, 38,000ದ ಟೆಂಡರು ಅಷ್ಟು ಅಗ್ಗವಾಗಿದ್ದದ್ದು ಇಂಥ ರಸೀದಿಗಳಿಲ್ಲದ್ದರಿಂದಲೇ.

ಐದಕ್ಕೆ ಅಂಕ ಕೊಡಿ ಎಂದರೆ ನೀರಿನ ನಿರ್ವಹಣೆಗೆ ನಾಲ್ಕೂವರೆ, ದಿನನಿತ್ಯದ ಕೆಲಸಕ್ಕೆ ಮೂರೂವರೆ, ಮರಗಳಿಗೆ ಒಂದು ಕೊಡುತ್ತೇನೆ. ಮುಂದಿನ ತಿಂಗಳ ಸಭೆಯಲ್ಲಿ ಒಪ್ಪಂದವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಲು ಮತ ಹಾಕಲಿದ್ದೇನೆ. ಆದರೆ ಮರಗಳ ಕೆಲಸವನ್ನು ಗುತ್ತಿಗೆಯಿಂದ ಹೊರತೆಗೆದು, ಬೇರೆ ಇಟ್ಟಿರುವ 72,000ದಲ್ಲಿ ಮರ ಬಲ್ಲವರೊಬ್ಬರಿಂದ ಎಲ್ಲ ಮರಗಳ ತಪಾಸಣೆ ಮಾಡಿಸಿ, ಅವರು ಗುರುತು ಹಾಕಿದ ರೆಂಬೆಗಳಿಗೆ ಮಾತ್ರ ಪಾಲಿಕೆಯ ಅನುಮತಿ ಕೇಳಬೇಕೆಂದು ಸೂಚಿಸಿದ್ದೇನೆ. ತಿಂಗಳಿನ ಕೆಲಸದ ಪಟ್ಟಿಗೆ ಆಯಾ ಕಟ್ಟಡದ ಒಬ್ಬ ನಿವಾಸಿ ಸಹಿ ಹಾಕಿದ ನಂತರವೇ ಹಣ ಬಿಡುಗಡೆಯಾಗಬೇಕು. ಇಂಡಿಯವರನ್ನು ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಬೇರೆಡೆಗೆ ಕಳಿಸಬಾರದು. ಬೋಳಿಸಿದ ಬೇವು ಕಳೆದ ವಾರ ಒಂದು ಮಗ್ಗುಲಿಗೆ ಚಿಗುರಿದೆ, ಇನ್ನೊಂದು ಮಗ್ಗುಲು ಇನ್ನೂ ಹಾಗೇ ಇದೆ.